ಹಾಸುಗಲ್ಲಿನ ಮೇಲೊಂದು ಸಂಡಾಸ

ಆ ಊರಿನ ಆರೋಗ್ಯ ಉಪಕೇಂದ್ರಕ್ಕೆ ನರ್ಸ್ ಆಗಿ ಹೋದ ಮೊದಲ ಬೆಳಿಗ್ಗೆ ನನ್ನ ಕ್ವಾರ್ಟರ್ಸಿನ ಸಂಡಾಸಿಗೆ ಒಂದು ಬಕೆಟ್ ನೀರು ಸುರಿದೆ. ನೀರು ಕೆಳಗೆ ಹೋಗಲಿಲ್ಲ. ಏನೋ ಯೋಚನೆ ಮಾಡುತ್ತಿರುವಂತೆ ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಮೆಲ್ಲಗೆ ಮೇಲೇರಿ ನನ್ನ ಚಪ್ಪಲಿಯ ಕಡೆಗೆ ಬಂತು.

ನೋಡಲಿಕ್ಕೆ ಸಂಡಾಸ ಚೆಂದವಾಗಿಯೇ ಇತ್ತು. ನೀಲಿ ಬಾಗಿಲು, ಬಿಳಿ ಬೇಸಿನ್, ಅರ್ಧ ಗೋಡೆಯವರೆಗೆ ಟೈಲ್ಸು, ಒಂದು ಹೊಳೆಯುವ ನಲ್ಲಿ. ನಲ್ಲಿಗೆ ಪೈಪಿರಲಿಲ್ಲ. ಹಿಂದಕ್ಕೆ ಹೋಗಿ ನೋಡಿದೆ. ಬೇಸಿನ್ನಿನಿಂದ ಹೊರಟ ದಪ್ಪ ಪೈಪು ಗೋಡೆ ದಾಟಿ ಒಂದು ಮಾರು ದೂರ ಹೋಗಿ, ಅಲ್ಲಿದ್ದ ಹಾಸುಗಲ್ಲಿಗೆ ಮುಖ ಕೊಟ್ಟು ನಿಂತುಬಿಟ್ಟಿತ್ತು. ಗುಂಡಿಯೇ ಇರಲಿಲ್ಲ.

ಅಷ್ಟರಲ್ಲಿ ಊರಿನ ಆಶಾ ಕಾರ್ಯಕರ್ತೆ ಬಂದಳು. ನನಗಿಂತ ವಯಸ್ಸಿನಲ್ಲಿ ದೊಡ್ಡವಳು, ಹಾಗಾಗಿ ಮೊದಲ ದಿನದಿಂದಲೇ ಅಕ್ಕ ಎಂದು ಕರೆದೆ. ನಾನು ಒದ್ದೆ ಚಪ್ಪಲಿಯಲ್ಲಿ ನಿಂತಿದ್ದನ್ನು ನೋಡಿ ಅವಳಿಗೆ ಎಲ್ಲವೂ ತಿಳಿಯಿತು.

"ಅದು ಉಪಯೋಗಕ್ಕ ಅಲ್ರಿ ಸಿಸ್ಟರ್. ಫೋಟೋಕ್ಕ ಕಟ್ಯಾರ."

"ಮತ್ತ ನನಗಿಂತ ಮದಲ ಇದ್ದ ಸಿಸ್ಟರ್ ಏನ್ ಮಾಡ್ತಿದ್ರು?"

"ಅವರು ಶಹಾಬಾದದಿಂದ ದಿನಾ ಬಸ್ಸಿಗಿ ಬಂದು ಹೋಗ್ತಿದ್ರು. ಹೊಟ್ಟಿ ಭಾಳ ಗಟ್ಟಿ ಅವರ್ದು."

ನಾನು ಹುಟ್ಟಿ ಬೆಳೆದದ್ದು ವಾಡಿಯಲ್ಲಿ. ಅಪ್ಪ ರೈಲ್ವೆಯಲ್ಲಿದ್ದರು. ನಮ್ಮ ಮನೆಯ ಸಂಡಾಸವೂ ಒಳಗಿರಲಿಲ್ಲ. ಹಿತ್ತಲಿನ ಕೊನೆಯಲ್ಲಿ ಬೇವಿನ ಮರದ ಕೆಳಗೆ ತಗಡಿನ ಬಾಗಿಲಿನ ಒಂದು ಗೂಡು. ಮಳೆಗಾಲದಲ್ಲಿ ಛತ್ರಿ ಹಿಡಿದುಕೊಂಡು ಹೋಗುವುದು, ಒಳಗೆ ಕಪ್ಪೆ ಕೂತಿದ್ದರೆ ಅದು ತಾನಾಗಿ ಎದ್ದು ಹೋಗುವವರೆಗೆ ಕಾಯುವುದು, ಬಾಗಿಲಿಗೆ ಚಿಲಕವಿಲ್ಲದ್ದರಿಂದ ಒಳಗಿದ್ದಷ್ಟು ಹೊತ್ತೂ ಹಾಡುತ್ತಿರುವುದು, ಇವೆಲ್ಲ ನಮಗೆ ರೂಢಿ. ಅಪ್ಪ ಯಾವ ಹಾಡನ್ನು ಎಷ್ಟು ಎಳೆದು ಹಾಡುತ್ತಿದ್ದಾರೆ ಎಂಬುದರಿಂದಲೇ ಅವರ ಹೊಟ್ಟೆಯ ಸ್ಥಿತಿ ಅಮ್ಮನಿಗೆ ಗೊತ್ತಾಗುತ್ತಿತ್ತು. ಹೀಗಾಗಿ ಹೊರಗಿನ ಸಂಡಾಸಿಗೆ ನಾನು ಹೆದರುವವಳಲ್ಲ. ಆದರೆ ಸಂಡಾಸವೇ ಇಲ್ಲದಿರುವುದು ಬೇರೆ ಮಾತು.

ಮರುದಿನ ನಸುಕಿನಲ್ಲಿ ಅಕ್ಕ ಬಂದು ಬಾಗಿಲು ಬಡಿದಳು. ಎರಡೂ ಕೈಯಲ್ಲಿ ನೀರು ತುಂಬಿದ ಚರಗಿ, ಒಂದು ಅವಳದು, ಒಂದು ನನ್ನದು. ಊರ ಹಿಂದೆ ಕೆಲಸ ನಿಂತುಹೋದ ಒಂದು ಕಲ್ಲಿನ ಖಣಿ ಇದೆ. ಅದರ ಪಕ್ಕದಲ್ಲೇ ಇನ್ನೊಂದರಲ್ಲಿ ಈಗಲೂ ಫರಸಿ ಎಂಬ ಹಾಸುಗಲ್ಲು ತೆಗೆಯುತ್ತಾರೆ. ಹಳೆಯ ಖಣಿಯ ದಂಡೆಗೆ ಒಡೆದ ಫರಸಿಯ ಗುಡ್ಡೆಗಳು, ಜಾಲಿ ಕಂಟಿ. ಅದೇ ಹೆಂಗಸರ ಜಾಗ. ಅಲ್ಲಿಯೂ ಒಂದು ಕ್ರಮವಿತ್ತು. ಅತ್ತೆಯಂದಿರು ಮುಂದಿನ ಸಾಲಿನಲ್ಲಿ, ಸೊಸೆಯಂದಿರು ಹಿಂದೆ. ಹೊಸಬಳಾದ ನನ್ನನ್ನು ಎಲ್ಲಿ ಕೂರಿಸಬೇಕು ಎಂಬ ಬಗ್ಗೆ ಸಣ್ಣ ಚರ್ಚೆಯೇ ನಡೆಯಿತು. ಸರ್ಕಾರಿ ನೌಕರಿ ಎಂಬ ಕಾರಣಕ್ಕೆ ನನಗೆ ಅತ್ತೆಯಂದಿರ ನಡುವೆ ಜಾಗ ಸಿಕ್ಕಿತು.

ಕೂತು ಇನ್ನೂ ಉಸಿರು ಬಿಟ್ಟಿರಲಿಲ್ಲ, ಕಲ್ಲು ತುಂಬಿದ ಲಾರಿಯೊಂದು ತಿರುವಿನಲ್ಲಿ ಕಾಣಿಸಿಕೊಂಡು ಅದರ ಬೆಳಕು ನಮ್ಮ ಮೇಲೆ ಬಿತ್ತು. ಕ್ಲಾಸಿಗೆ ಇನ್ಸ್‌ಪೆಕ್ಟರ್ ಬಂದ ಹಾಗೆ ಎಲ್ಲರೂ ಒಮ್ಮೆಲೇ ಎದ್ದು ನಿಂತರು. ನಾನೂ ನಿಂತೆ. ಲಾರಿ ಹೋಯಿತು, ಕೂತೆವು. ಇನ್ನೊಂದು ಬಂತು, ನಿಂತೆವು. ಫರಸಿಗೆ ಬೇಡಿಕೆ ಹೆಚ್ಚಿದ್ದ ಕಾಲವದು.

ಬರಬರುತ್ತಾ ಆ ಬಯಲು ನನ್ನ ಎರಡನೇ ದವಾಖಾನೆಯಾಯಿತು. ಹಗಲಲ್ಲಿ ಉಪಕೇಂದ್ರಕ್ಕೆ ಬಂದರೆ ಬಾಯಿ ಬಿಡದ ಹೆಂಗಸರು ಅಲ್ಲಿ ಕತ್ತಲಲ್ಲಿ, "ಸಿಸ್ಟರ್, ಹೆಂಗೂ ಖಾಲಿ ಕುಂತೀರಿ, ನಂದೊಂದ್ ಕೇಳ್ರಿ," ಎಂದು ಶುರು ಮಾಡುತ್ತಿದ್ದರು. ಬಿಳಿ ಸೆರಗು, ತಪ್ಪಿದ ಮುಟ್ಟು, ಗಂಡನ ಕುಡಿತ, ಎಲ್ಲಕ್ಕೂ ಕೂತಲ್ಲಿಂದಲೇ ಉತ್ತರ ಹೇಳಬೇಕಿತ್ತು.

ದೊಡ್ಡಮನೆಯ ಸಣ್ಣ ಸೊಸೆಯನ್ನು ನಾನು ಸರಿಯಾಗಿ ಗಮನಿಸಿದ್ದು ಅಲ್ಲಿಯೇ. ಚೊಚ್ಚಲ ಬಸಿರು, ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು. ಒಡೆದ ಕಲ್ಲಿನ ಮೇಲೆ ಕೂರಲು, ಏಳಲು ಅಕ್ಕ ಅವಳ ರಟ್ಟೆ ಹಿಡಿಯುತ್ತಿದ್ದಳು. ಗರ್ಭಿಣಿಯರ ತಪಾಸಣೆಯ ದಿನ ಮೂತ್ರ ಪರೀಕ್ಷೆಗೆಂದು ಅವಳಿಗೆ ಸಣ್ಣ ಬಾಟಲಿ ಕೊಟ್ಟೆ. ಬಹಳ ಹೊತ್ತಾದ ಮೇಲೆ ತಳದಲ್ಲಿ ನಾಲ್ಕು ಹನಿ ತಂದುಕೊಟ್ಟಳು. ಗಟ್ಟಿ ಚಹಾದ ಬಣ್ಣ. ಪಟ್ಟಿ ಅದ್ದಿ ನೋಡಿದರೆ ಸೋಂಕು ಸ್ಪಷ್ಟವಾಗಿತ್ತು. ಹಣೆ ಮುಟ್ಟಿದರೆ ಬಿಸಿ.

"ಮುಂಜಾನಿಂದ ಎಷ್ಟು ನೀರ್ ಕುಡದಿ?"

"ಊಟದ್ ಟೈಮಿಗಿ ಒಂದ್ ಗ್ಲಾಸ್ ರಿ."

"ಈ ಬ್ಯಾಸಿಗಿ ಒಳಗ? ಬರೇ ಒಂದ್ ಗ್ಲಾಸ್?"

ಅವಳು ನನ್ನನ್ನೇ ಒಂದು ಥರ ನೋಡಿದಳು, ಇಷ್ಟೂ ತಿಳಿಯದ ನರ್ಸು ಎಂಬಂತೆ. "ನೀರ್ ಕುಡದ್ರ ಬರ್ತದಲ್ರಿ. ಬಂದ್ರ ಎಲ್ಲಿಗಿ ಹೋಗ್ಲಿ? ಹಗಲಿನ್ಯಾಗ ಖಣಿ ತುಂಬ ಗಂಡಸರಿರ್ತಾರ."

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ ಔಷಧಿ ಕೊಡಿಸಿದೆ. ಅವರು ನೀರು ಹೆಚ್ಚು ಕುಡಿಸಿ, ಬಂದಾಗ ತಡೆಯಬಾರದು, ಇಲ್ಲದಿದ್ದರೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬರಬಹುದು ಎಂದರು. ಸಲಹೆ ಸರಿಯಾಗಿತ್ತು. ಅದನ್ನು ಪಾಲಿಸುವ ಜಾಗ ಮಾತ್ರ ಊರಲ್ಲಿರಲಿಲ್ಲ.

ಪಂಚಾಯಿತಿಗೆ ಹೋಗಿ ಕೂತೆ. ಉಪಕೇಂದ್ರಕ್ಕೆ ಸಂಡಾಸ ಆಗಲೇ ಆಗಿದೆ, ಫೋಟೋ ಇದೆ ಎಂದರು. ನಾನು ಒದ್ದೆಯಾದ ಚಪ್ಪಲಿಯ ಕತೆ ಹೇಳಿದೆ. ನಕ್ಕರು. ನಕ್ಕವರು ಕೆಲಸ ಮಾಡಿಕೊಡುತ್ತಾರೆ ಎಂಬುದು ನನ್ನ ಅನುಭವ. ಬೇಸಿಗೆ ಮುಗಿಯುವುದರೊಳಗೆ ಗುಂಡಿ ತೋಡಿಸಲು ಒಪ್ಪಿಗೆ ಸಿಕ್ಕಿತು.

ಗುಂಡಿ ತೋಡಲು ಶಹಾಬಾದದಿಂದ ಗಾರೆ ಕೆಲಸದ ಒಬ್ಬ ಗೌಂಡಿ ಬಂದರು. ಬಿಳಿ ಗಡ್ಡ, ಕಿವಿಯ ಮೇಲೆ ಪೆನ್ಸಿಲ್ಲು. ಎಲ್ಲರಿಗೂ ಅವರು ಚಾಚಾ. ಅಂಗಳದ ಹಿಂದೆ ಹಾರೆ ಹಾಕಿದರು. ಮೊಣಕಾಲುದ್ದ ಮಣ್ಣು ಬಂತು, ಆಮೇಲೆ ಟಣ್ ಎಂದಿತು. ಪಕ್ಕಕ್ಕೆ ಸರಿದು ತೋಡಿದರು. ಟಣ್. ಬೇವಿನ ಗಿಡದ ಹತ್ತಿರ, ಟಣ್. ಮುಂದಿನ ಗೇಟಿನ ಬಳಿ ಟಣ್ ಎನ್ನಲು ಮೊಣಕಾಲಿನವರೆಗೂ ಹೋಗಬೇಕಾಗಲಿಲ್ಲ.

"ಇಡೀ ಊರೇ ಒಂದ್ ಫರಸಿ ಮ್ಯಾಲ ಕುಂತದ, ಬೇಟಾ," ಎಂದರು ಚಾಚಾ, ಬೆವರು ಒರೆಸಿಕೊಳ್ಳುತ್ತಾ. "ಒಂದ್ ಸಣ್ಣ ಬಾರ್ ಹೊಡೀಲೇನು? ಢಮ್ ಅಂದ್ರ ಗುಂಡಿ ತಯಾರ್."

ಗೋಡೆಯಾಚೆ ಲಸಿಕೆಯ ಡಬ್ಬಿಗಳಿದ್ದವು. ಸಿಡಿಮದ್ದಿನ ಬಾರು ಬೇಡವೇ ಬೇಡ ಎಂದೆ. ಉಳಿ ಹಚ್ಚಿ ಕಲ್ಲನ್ನೇ ಬಿಡಿಸಿ ನೋಡೋಣ ಎಂದರು. ಒಂದು ಪದರ ಎದ್ದಾಗ ಕೆಳಗೆ ಉದ್ದನೆಯ ಸೀಳು ಕಾಣಿಸಿತು. ಚಾಚಾಗೆ ಖುಷಿಯಾಯಿತು. ಇದರೊಳಗೇ ಬಿಟ್ಟರೆ ಗುಂಡಿಯೇ ಬೇಡ ಎಂದರು. ನನಗೆ ಅನುಮಾನ ಬಂದು ಒಂದು ಬಿಂದಿಗೆ ನೀರು ಸುರಿದೆ. ಗಟಗಟ ಸದ್ದು ಮಾಡಿ ನೀರು ಮಾಯವಾಯಿತು. ಇಳಿಜಾರಿನಲ್ಲಿ ಕೆಳಗೆ ಊರಿನ ಕುಡಿಯುವ ನೀರಿನ ಬಾವಿ ಇತ್ತು. ನಾನೂ ಚಾಚಾನೂ ಸೀಳನ್ನು ನೋಡಿದೆವು, ಬಾವಿಯನ್ನು ನೋಡಿದೆವು, ಮತ್ತೆ ಮುಖ ಮುಖ ನೋಡಿಕೊಂಡೆವು. ಅವರು ಸಿಮೆಂಟು ಕಲಸಿ ಸೀಳನ್ನು ಮುಚ್ಚಿದರು.

ಕೊನೆಗೆ ಪಂಚಾಯಿತಿಯ ಎಂಜಿನಿಯರ್ ಹುಡುಗಿಯೊಬ್ಬಳು ಫೋನಿನಲ್ಲಿ ನಕ್ಷೆ ಕಳಿಸಿದಳು. ಗುಂಡಿಯನ್ನು ನೆಲದೊಳಗೆ ತೋಡಲಾಗದಿದ್ದರೆ ನೆಲದ ಮೇಲೇ ಕಟ್ಟಬೇಕು. ಪಕ್ಕಪಕ್ಕದಲ್ಲಿ ಎರಡು ಕಲ್ಲಿನ ತೊಟ್ಟಿ. ತಳಕ್ಕೆ ಗಟ್ಟಿ ಸಿಮೆಂಟು, ಬಾವಿಯ ಕಡೆಗೆ ಒಂದು ಹನಿಯೂ ಇಳಿಯಬಾರದು. ಗೋಡೆಯಲ್ಲಿ ಕಲ್ಲು ಕಲ್ಲಿನ ನಡುವೆ ಸಂದು, ಸುತ್ತಲೂ ಮರಳು ಮತ್ತು ಮೊರಂ ಮಣ್ಣಿನ ದಪ್ಪ ದಿಬ್ಬ. ನೀರು ಆ ದಿಬ್ಬದಲ್ಲಿ ನಿಧಾನವಾಗಿ ಇಂಗಿ ಒಣಗುತ್ತದೆ. ಒಂದು ತೊಟ್ಟಿ ತುಂಬಿದರೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿದ್ದು ಕಾಲಾಂತರದಲ್ಲಿ ಗೊಬ್ಬರವಾಗುತ್ತದೆ. ಇದೆಲ್ಲ ಸರಿ. ಆದರೆ ತೊಟ್ಟಿಯೇ ನೆಲದ ಮೇಲಿದ್ದರೆ, ಸಂಡಾಸ ಅದಕ್ಕಿಂತ ಮೇಲಿರಬೇಕಲ್ಲ.

ನಾನು ಈ ಕೊನೆಯ ಮಾತನ್ನು ಅಷ್ಟಾಗಿ ಯೋಚಿಸಿರಲಿಲ್ಲ. ಒಂದು ವಾರ ಚಿತ್ತಾಪುರದಲ್ಲಿ ತರಬೇತಿಗೆ ಹೋಗಿ ಬರುವಷ್ಟರಲ್ಲಿ ಚಾಚಾ ಕಟ್ಟಿ ಮುಗಿಸಿದ್ದರು. ಬಸ್ಸಿನಿಂದ ಇಳಿದವಳು ಹಾಗೇ ನಿಂತುಬಿಟ್ಟೆ. ನನ್ನ ಉಪಕೇಂದ್ರದ ಪಕ್ಕದಲ್ಲಿ ಮದುವೆಯ ಸ್ಟೇಜಿನಂಥದ್ದೊಂದು ಎದ್ದು ನಿಂತಿತ್ತು. ಹಿಂಬದಿಗೆ ಮಣ್ಣಿನ ದಿಬ್ಬ ಇದ್ದುದರಿಂದ ಪಾವಟಿಗೆ ಮೆಟ್ಟಿಲುಗಳು ರಸ್ತೆಯ ಕಡೆಗೇ ಇಳಿದಿದ್ದವು. ಒಂದೊಂದು ಪಾವಟಿಗೆಯೂ ಪಾಲಿಶ್ ಮಾಡಿದ ಫರಸಿಯದು. ಮೇಲೆ ಬಾಗಿಲು, ಬಾಗಿಲಿನ ಮೇಲೆ ಒಂದು ಕಮಾನು.

"ಚಾಚಾ, ಕಮಾನು ಯಾಕ್ರಿ?"

"ಖಾಲಿ ಖಾಲಿ ಕಾಣ್ತಿತ್ತು, ಬೇಟಾ."

ಪಾಲಿಶ್ ಕಲ್ಲಿಗೆ ನೀರು ಬಿದ್ದರೆ ಬಸುರಿ ಹೆಂಗಸರು ಜಾರುತ್ತಾರೆ ಎಂದು ಹೇಳಿದಾಗ ಅವರ ಮುಖ ಬಾಡಿತು. ತಮ್ಮ ಕೈಯಾರೆ ಮಾಡಿದ ಪಾಲಿಶ್ಶಿನ ಮೇಲೆ ತಾವೇ ಉಳಿಯಿಂದ ಗೀರು ಹಾಕಿದರು. ಒಂದೊಂದು ಏಟಿಗೂ ಒಂದೊಂದು ನಿಟ್ಟುಸಿರು.

ರಸ್ತೆಯ ಆಚೆ ಚಹಾದ ಹೋಟೆಲ್ಲಿತ್ತು. ಅದರ ಬೆಂಚುಗಳಲ್ಲಿ ಕೂತವರಿಗೆ ಇದುವರೆಗೆ ನೋಡಲು ಬಸ್ಸು, ಲಾರಿ ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲ ದಿನ ನಾನು ಬಕೆಟ್ಟು ಹಿಡಿದು ಆ ಪಾವಟಿಗೆ ಹತ್ತಿದಾಗ ಚಹಾ ಕುಡಿಯುವ ಸದ್ದು ನಿಂತಿದ್ದು ನನಗೆ ಬೆನ್ನಿನಿಂದಲೇ ತಿಳಿಯಿತು. ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ನೀರು ಸುರಿದೆ. ಇಳಿಯಿತು! ಆ ಸಂತೋಷದಲ್ಲಿ ಇನ್ನೇನು ಕೂರಬೇಕು, ಕೆಳಗಿನಿಂದ ಒಬ್ಬ ಮುದುಕನ ದನಿ.

"ಸಿಸ್ಟರ್ ರೀ, ಒಳಗದೀರೇನ್ರಿ?"

ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಇನ್ನೊಮ್ಮೆ ನೋಡಿದೆ.

"ಇದ್ದಾರ, ಈಗರ ಹೋದ್ರು," ಎಂದು ಹೋಟೆಲಿನಿಂದ ಯಾರೋ ಖಾತ್ರಿಪಡಿಸಿದರು.

"ಸಿಸ್ಟರ್ ರೀ, ಬೀಪಿ ಗುಳಿಗಿ ಬಂದಾವೇನ್ರಿ?"

"ಬಂದಾವ್ರಿ ಮುತ್ಯಾ," ಎಂದೆ ಒಳಗಿನಿಂದ. ಬೇರೆ ದಾರಿ ಇರಲಿಲ್ಲ.

"ಮುಂಜಾನಿ ತಗೋಬೇಕೋ, ಸಂಜೀಕೋ?"

ಪೂರ್ತಿ ಉತ್ತರ ಸಿಗುವವರೆಗೆ ಅವರು ಹೋಗಲಿಲ್ಲ. ನಾನು ಹೊರಗೆ ಬಂದಾಗ ಪಾವಟಿಗೆಯ ಕೆಳಗೆ ಇನ್ನಿಬ್ಬರು ಸರದಿಯಲ್ಲಿದ್ದರು.

ನನ್ನ ಮಾನ ಹೋದದ್ದು ಹೋಯಿತು, ದೊಡ್ಡಮನೆಯ ಸೊಸೆಗಾದರೂ ಉಪಯೋಗವಾಗಲಿ ಎಂದು ಒಂದು ನಿರ್ಧಾರಕ್ಕೆ ಬಂದೆ. ಸಂಡಾಸದ ಕೀಲಿಯನ್ನು ತಪಾಸಣೆ ಕೋಣೆಯ ಮೊಳೆಗೆ ತೂಗುಹಾಕಿ, ಊರಿನ ಗರ್ಭಿಣಿಯರು ಯಾರು ಬೇಕಾದರೂ ಹಗಲಲ್ಲಿ ಬಂದು ಬಳಸಬಹುದು ಎಂದು ತಾಯಂದಿರ ಸಭೆಯಲ್ಲಿ ಹೇಳಿದೆ. ಎಲ್ಲರಿಗೂ ಬಿಟ್ಟರೆ ಒಂದು ತೊಟ್ಟಿ ತಿಂಗಳಲ್ಲಿ ತುಂಬೀತೆಂಬ ಭಯ, ಅದಕ್ಕೇ ಗರ್ಭಿಣಿಯರಿಗೆ ಮಾತ್ರ. ಆಗ ಇದು ಬಹಳ ಬುದ್ಧಿವಂತಿಕೆಯ ನಿಯಮವಾಗಿ ಕಂಡಿತ್ತು.

ಮೊದಲು ಬಂದವಳು ದೊಡ್ಡಮನೆಯ ಸೊಸೆಯೇ. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಅಕ್ಕನ ಕೈ ಹಿಡಿದು ಹತ್ತಿದಳು. ಇಳಿದು ಬಂದಾಗ ಅವಳ ಮುಖದಲ್ಲಿದ್ದ ನಿರಾಳವನ್ನು ನೋಡಿದರೆ ಚಾಚಾನ ಕಮಾನನ್ನೂ ಕ್ಷಮಿಸಬಹುದಿತ್ತು. ದಿನಕ್ಕೆರಡು ಮೂರು ಸಲ ಬರತೊಡಗಿದಳು. ನೀರು ಕುಡಿದಳು, ಜ್ವರ ಇಳಿಯಿತು. ಬಾಟಲಿಯ ಬಣ್ಣ ತಿಳಿಯಾಯಿತು. ಇನ್ನೂ ಇಬ್ಬರು ಮೂವರು ಬರತೊಡಗಿದರು. ನಾನು ಹೆಮ್ಮೆಯಿಂದ ಬೀಗುತ್ತಿದ್ದೆ.

ಸೇಡಂ ಕಡೆಯಿಂದ ಆ ಊರಿಗೆ ಒಬ್ಬ ಹುಡುಗಿ ಸೊಸೆಯಾಗಿ ಬಂದಿದ್ದಳು. ಮದುವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಒಂದು ಸಂತೆಯ ದಿನ ಮಿರ್ಚಿ ಬಜಿ ತಿಂದು ಹೊಟ್ಟೆ ಕೆಟ್ಟು ಓಡಿ ಬಂದಳು. ಖಣಿಯವರೆಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಅಂಥ ಹೊತ್ತಲ್ಲಿ ನಿಯಮ ಹೇಳಲು ನನಗೆ ಮನಸ್ಸಾಗಲಿಲ್ಲ, ಕೀಲಿ ಕೊಟ್ಟೆ. ಹುಡುಗಿ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಹೋಟೆಲ್ಲಿನವರು ನೋಡಿದರು.

ಸಂಜೆ ಅವಳ ಅತ್ತೆ ನಗುನಗುತ್ತಾ ಬಂದು ನನ್ನ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿದರು. ಏನು ವಿಶೇಷ ಎಂದು ಕೇಳಬೇಕೆಂದರೆ ಬಾಯಿ ತುಂಬ ಸಕ್ಕರೆ.

"ನೀವೂ ಛಲೋ ಅದೀರಿ ಸಿಸ್ಟರ್, ನಮಗ ಒಂದ್ ಮಾತ್ ಹೇಳಬಾರದೇನ್ರಿ? ಹೋಟೆಲ್‌ನವರು ಹೇಳಿ ನಮಗ ಗೊತ್ತಾಗಬೇಕೇನು?"

ನಾನು ಸಕ್ಕರೆ ನುಂಗಿ ವಿಷಯ ಹೇಳುವಷ್ಟರಲ್ಲಿ ಓಣಿಗೆಲ್ಲ ಹಂಚಿಯಾಗಿತ್ತು. ಸೇಡಮಿಗೆ ಫೋನೂ ಹೋಗಿತ್ತು. ಮರುದಿನ ಹುಡುಗಿಯ ತವರಿನವರು ಟಂಟಂ ಗಾಡಿ ತುಂಬ ಬಂದಿಳಿದರು. ಹಸಿರು ಸೀರೆ, ಬಳೆ, ಬುಟ್ಟಿ ತುಂಬ ಉಂಡೆ. ಹುಡುಗಿ ಮಾತ್ರ ಕೋಣೆಯಲ್ಲಿ ಕೂತು, "ನಂಗ ಬರೇ ಹೊಟ್ಟಿ ಕೆಟ್ಟಿತ್ರಿ," ಎಂದು ಅಳುತ್ತಿದ್ದಳು. ತೆಲುಗಿನಲ್ಲಿಯೂ ಒಮ್ಮೆ ಹೇಳಿದಳು, ಯಾರೂ ನಂಬಲಿಲ್ಲ. ನಾನೇ ಹೋಗಿ ಎಲ್ಲರೆದುರು ಪರೀಕ್ಷೆ ಮಾಡಿ ಬಸಿರಿಲ್ಲವೆಂದು ತೋರಿಸಬೇಕಾಯಿತು. ತಂದ ಉಂಡೆಯನ್ನು ವಾಪಸು ಒಯ್ಯುವುದು ಸರಿಯಲ್ಲವೆಂದು ಅಲ್ಲೇ ಕೂತು ಎಲ್ಲರೂ ತಿಂದರು. ನಾನೂ ತಿಂದೆ.

ಅದಾದ ಕೆಲವೇ ದಿನಕ್ಕೆ ಹೋಟೆಲಿನ ಮಾಲೀಕನ ಹೆಂಡತಿ ಮಂಡಿನೋವಿನಿಂದ ಖಣಿಗೆ ಹೋಗಲಾಗದೆ ಒಮ್ಮೆ ಹತ್ತಿದಳು. ಅವಳಿಗೆ ಮದುವೆಗೆ ಬಂದ ಮಕ್ಕಳಿದ್ದಾರೆ. ಗಿರಾಕಿಗಳು ಮಾಲೀಕನಿಗೆ ಎರಡು ದಿನ ಮುಬಾರಕ್ ಹೇಳಿದರು. ಅವನು ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತ.

ಅಲ್ಲಿಗೆ ನನ್ನ ನಿಯಮದ ಕತೆ ಮುಗಿಯಿತು. ಆ ಪಾವಟಿಗೆ ಹತ್ತುವುದೆಂದರೆ ಊರಿಗೆಲ್ಲ ಡಂಗುರ ಹೊಡೆಸಿದಂತೆ ಎಂದಾಯಿತು. ಬಸುರಿಯಲ್ಲದವರು ಬರುವಂತಿರಲಿಲ್ಲ. ಹೊಸದಾಗಿ ಬಸುರಾದವರು ಮೂರು ತಿಂಗಳು ತುಂಬದೆ ಯಾರಿಗೂ ಹೇಳುವುದಿಲ್ಲ, ಅವರೂ ಬರುವಂತಿರಲಿಲ್ಲ. ಮರೆಯಾಗಲಿ ಎಂದು ಪಾವಟಿಗೆಯ ಉದ್ದಕ್ಕೂ ತಾಡಪತ್ರಿ ಕಟ್ಟಿಸಿದೆ. ಮುಂಗಾರಿನ ಮೊದಲ ಗಾಳಿಗೆ ಅದು ಬಿಡಿಸಿಕೊಂಡು ರಸ್ತೆ ದಾಟಿ ಹಾರಿ, ಬಜಿ ಕರಿಯುತ್ತಿದ್ದ ಮಾಲೀಕನ ಮೇಲೆ ಮುಸುಕಿನಂತೆ ಬಿತ್ತು. ಇತ್ತ ಅರ್ಧ ಪಾವಟಿಗೆಯ ಮೇಲೆ ಅಕ್ಕ ಬಕೆಟ್ಟಿನೊಂದಿಗೆ ನಿಂತಿದ್ದಳು. ಹತ್ತುವುದೋ ಇಳಿಯುವುದೋ ತಿಳಿಯದೆ ಅವಳು ಊರಿಗೆಲ್ಲ ಒಮ್ಮೆ ಕೈಮುಗಿದಳು.

ಇದೆಲ್ಲ ನಗುವ ಮಾತೇ ಆಗಿತ್ತು, ದೊಡ್ಡಮನೆಯ ಸೊಸೆ ಬರುವುದನ್ನು ನಿಲ್ಲಿಸುವವರೆಗೆ. ನಾಲ್ಕು ದಿನ ಕಾಣಲಿಲ್ಲ. ಮನೆಗೇ ಹೋದೆ. ಹುಡುಗಿ ಗೋಡೆಗೊರಗಿ ಕೂತಿದ್ದಳು. ತುಟಿ ಒಣಗಿತ್ತು, ಮತ್ತೆ ಜ್ವರ. ಅವಳ ಅತ್ತೆಯನ್ನು ಊರಲ್ಲಿ ಎಲ್ಲರೂ ದೊಡ್ಡಮನೆ ಅಮ್ಮ ಎನ್ನುತ್ತಿದ್ದರು. ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಅವರು ಪಡಸಾಲೆಗೆ ಬಂದರೆ ಗಂಡುಮಕ್ಕಳು ಎದ್ದು ನಿಲ್ಲುತ್ತಿದ್ದರು.

"ಯಮ್ಮಾ, ಆಕಿ ಮತ್ತ ನೀರ್ ಕುಡಿಯೋದು ಬಿಟ್ಟಾಳ," ಎಂದೆ.

"ನಾ ನೀರ್ ಬಂದ್ ಮಾಡಿಲ್ಲ, ನರಸಬಾಯಿ. ಪಾವಟಿಗಿ ಬಂದ್ ಮಾಡೀನಿ. ಹೋಟೆಲ್‌ನ್ಯಾಗ ಕುಂತು ಎಣಸ್ತಾರ. ದೊಡ್ಡಮನಿ ಸೊಸಿ ಇವತ್ತ ಎಷ್ಟ್ ಸಲ ಹತ್ತಿದಳು, ಎಷ್ಟೊತ್ತು ಕುಂತಳು, ಎಲ್ಲಾ ಎಣಸ್ತಾರ. ನಮ್ಮ ಮನಿ ಮರ್ಯಾದಿ ಬೀದಿಗಿ ಬಂದದ."

"ಹಂಗಾದ್ರ ನಿಮ್ಮ ಮನ್ಯಾಗೇ ಒಂದ್ ಕಟ್ಟಸ್ರಿ."

"ದೇವರ ಜಗಲಿ ಅದ, ಅಡಗಿಮನಿ ಅದ. ಅದರ ಬಾಜೂಕ ಅದನ್ನ ತಂದು ಇಡ್ಲೇನು? ನಾ ಐದು ಹಡದೀನಿ, ಎಲ್ಲಾ ಚರಗಿ ಹಿಡದೇ ಹಡದೀನಿ."

"ಯಮ್ಮಾ, ಆಕಿ ಹೊಟ್ಟ್ಯಾಗಿರೋ ಕೂಸು ಯಾರ ಮನೀದು?"

ಒಳಗಿನಿಂದ ಹುಡುಗಿ "ಅತ್ತೀ" ಎಂದು ಕೂಗಿದಳು. ಆ ದನಿ ಕೇಳಿದ ಕೂಡಲೇ ನಮ್ಮಿಬ್ಬರಿಗೂ ಜಗಳ ಮರೆತುಹೋಯಿತು. ಹೊಟ್ಟೆಯ ಮೇಲೆ ಕೈಯಿಟ್ಟೆ. ಕಲ್ಲಿನಂತೆ ಬಿಗಿಯಾಗಿತ್ತು, ಸಡಿಲವಾಯಿತು, ಸ್ವಲ್ಪ ಹೊತ್ತಿಗೆ ಮತ್ತೆ ಬಿಗಿಯಾಯಿತು. ಇನ್ನೂ ಎಂಟನೇ ತಿಂಗಳು.

ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವವರೆಗೆ ಎಡಮಗ್ಗುಲಿಗೆ ಮಲಗಿಸಿ ಗುಟುಕು ಗುಟುಕಾಗಿ ನೀರು ಕುಡಿಸಿದೆ. ಚಿತ್ತಾಪುರದವರೆಗೆ ರಸ್ತೆಯ ಒಂದೊಂದು ತಗ್ಗಿಗೂ ಹುಡುಗಿ ನನ್ನ ಕೈ ಹಿಂಡುತ್ತಿದ್ದಳು. ಎದುರಿಗೆ ದೊಡ್ಡಮನೆ ಅಮ್ಮ ಅವಳ ಕಾಲು ಹಿಡಿದು ಕೂತಿದ್ದರು. ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು, ನೋವು ತಡೆಯುವ ಔಷಧಿ ಕೊಟ್ಟರು, ಹೆರಿಗೆ ಆಗಿಯೇ ಬಿಟ್ಟರೆ ಕೂಸಿನ ಪುಪ್ಪುಸಕ್ಕೆ ಬಲ ಬರಲೆಂದು ಇನ್ನೊಂದು ಚುಚ್ಚುಮದ್ದು ಕೊಟ್ಟರು. ಡಾಕ್ಟರಮ್ಮ ಅತ್ತೆಯನ್ನು ಕರೆದು, ಈ ಹುಡುಗಿಗೆ ಬೇರೆ ರೋಗವೇನಿಲ್ಲ, ನೀರು ಕುಡಿಯದೆ ಇದ್ದದ್ದು, ತಡೆದುಕೊಂಡದ್ದು, ಅಷ್ಟೇ ಎಂದರು. ಬೈಯಲಿಲ್ಲ. ಬೈದಿದ್ದರೆ ಅಮ್ಮನಿಗೆ ತಿರುಗಿ ಬೈಯಲಾದರೂ ಅವಕಾಶವಿರುತ್ತಿತ್ತು.

ನೋವು ನಿಂತಿತು. ಸೊಸೆಯನ್ನು ಅಲ್ಲಿಯೇ ಉಳಿಸಿಕೊಂಡರು. ನಾನು ಊರಿಗೆ ಮರಳಿದೆ. ಇನ್ನು ಮುಂದೆ ಕೀಲಿ ಎಲ್ಲ ಹೆಂಗಸರಿಗೂ, ತೊಟ್ಟಿ ತುಂಬಿದರೆ ತುಂಬಲಿ, ಇನ್ನೊಂದಿದೆ ಎಂದು ಅಕ್ಕನ ಕೈಲಿ ಮನೆಮನೆಗೆ ಹೇಳಿಸಿದೆ. ಎಲ್ಲರೂ ಒಳ್ಳೆಯದಾಯಿತು ಎಂದರು. ಒಬ್ಬರೂ ಬರಲಿಲ್ಲ. ಮೊದಲು ಹತ್ತುವವಳು ಯಾರು ಎಂಬುದೇ ಪ್ರಶ್ನೆಯಾಗಿತ್ತು.

ಮರುದಿನ ಬೆಳಿಗ್ಗೆಯ ಬಸ್ಸು ಬಂದು ಹೋಟೆಲ್ಲಿನೆದುರು ನಿಂತಿತು. ಬೆಂಚುಗಳು ತುಂಬಿದ್ದ ಹೊತ್ತು. ಬಸ್ಸಿನಿಂದ ದೊಡ್ಡಮನೆ ಅಮ್ಮ ಇಳಿದರು. ಮನೆಯ ಕಡೆಗೆ ತಿರುಗದೆ ನೇರ ನನ್ನ ಬಳಿ ಬಂದರು. ಸೊಸೆ ಹುಷಾರಾಗಿದ್ದಾಳೆ ಎಂದರು. ಆಮೇಲೆ ಕೈ ಚಾಚಿದರು.

"ಕೀಲಿ ಕೊಡು."

ಕೊಟ್ಟೆ. ಬಕೆಟ್ಟು ನಾನು ತರುತ್ತೇನೆ ಎಂದರೂ ಕೇಳಲಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚರಗಿ. ಒಂದು ಪಾವಟಿಗೆ ಹತ್ತುವುದು, ನಿಲ್ಲುವುದು, ಸೊಂಟ ನೆಟ್ಟಗೆ ಮಾಡುವುದು, ಇನ್ನೊಂದು ಹತ್ತುವುದು. ಹೋಟೆಲಿನಲ್ಲಿ ಮೊದಲು ಮಾತು ನಿಂತಿತು. ಆಮೇಲೆ ಬಸ್ಸಿನ ಡ್ರೈವರನೂ ಎಂಜಿನ್ ಬಂದ್ ಮಾಡಿದ. ಮೇಲೆ ತಲುಪಿದ ಅಮ್ಮ ಬಾಗಿಲು ತೆಗೆದು ಒಳಗೆ ಹೋಗುತ್ತಾರೆಂದುಕೊಂಡರೆ, ಕಮಾನಿನ ಕೆಳಗೆ ನಿಂತು ಊರ ಕಡೆಗೆ ತಿರುಗಿದರು.

"ಏನ್ ನೋಡ್ಲಿಕತ್ತೀರಿ? ಎಣಸ್ರಿ. ದೊಡ್ಡಮನಿ ಮುದಕಿ ಹತ್ಯಾಳ. ನಂಗೂ ಬಸರದ. ಹೋಗ್ರಿ, ಮನಿಮನಿಗಿ ಸಕ್ರಿ ಹಂಚ್ರಿ!"

ಒಬ್ಬನ ಕೈಯಲ್ಲಿ ಬಿಸಿ ಚಹಾದ ಲೋಟ ಓರೆಯಾಗಿ ತೊಡೆಯ ಮೇಲೆ ಬಿತ್ತು. ಅವನು ಕೂಗಲು ಕೂಡ ಹೆದರಿದ. ಅಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಅಷ್ಟು ಹೊತ್ತು ಬೆಂಚಿನಿಂದ ಯಾರೂ ಏಳಲಿಲ್ಲ. ಎದ್ದರೆ ಓಡಿಹೋದಂತಾಗುತ್ತದೆ, ಕೂತರೆ ನೋಡಿದಂತಾಗುತ್ತದೆ. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡು ಕೂತರು.

ಇಳಿದು ಬಂದ ಅಮ್ಮ ಕೀಲಿಯನ್ನು ನನ್ನ ಕೈಗಿಟ್ಟು, "ಒಳಗ ಗಾಳಿ ಛಲೋ ಬರ್ತದ," ಎಂದರು. ಆಮೇಲೆ ರಸ್ತೆ ದಾಟಿ ಹೋಟೆಲ್ಲಿಗೆ ಹೋಗಿ ಕೋಲಿನಿಂದ ಬೆಂಚನ್ನು ತಟ್ಟಿದರು. "ಇದರ ಮುಖ ಆ ಕಡಿ ಮಾಡು." ಮಾಲೀಕ ಗಿರಾಕಿಗಳನ್ನು ಎಬ್ಬಿಸದೆಯೇ ಬೆಂಚು ತಿರುಗಿಸಲು ನೋಡಿದ. ಆಗಲಿಲ್ಲ. ಎಲ್ಲರೂ ಸೇರಿ ತಿರುಗಿಸಿದರು.

ಅಂದು ಮಧ್ಯಾಹ್ನದೊಳಗೆ ಮಾಲೀಕನ ಹೆಂಡತಿ ಬಂದಳು. ಸೇಡಮಿನ ಹುಡುಗಿ ಬಂದಳು. ವಾರದೊಳಗೆ ಕೀಲಿಯನ್ನು ಮೊಳೆಗೆ ಹಾಕುವುದಕ್ಕೇ ಪುರುಸೊತ್ತಿಲ್ಲದಂತಾಗಿ, ಅದು ಬೀಗದಲ್ಲೇ ಉಳಿಯಿತು. ನೀರು ಹೊರುವುದು ಕಷ್ಟವೆಂದು ಹೆಂಗಸರೇ ಮೇಲೊಂದು ಡ್ರಮ್ಮು ಇಟ್ಟರು. ಹತ್ತುವವರೆಲ್ಲ ಒಂದೊಂದು ಬಿಂದಿಗೆ ತುಂಬಿಸಬೇಕೆಂದು ತಾವೇ ಕಟ್ಟಳೆ ಮಾಡಿಕೊಂಡರು. ತೊಟ್ಟಿ ನಾನು ಹೆದರಿದಷ್ಟು ಬೇಗ ತುಂಬಲಿಲ್ಲ, ಆದರೂ ನಾನು ಆಗಾಗ ದಿಬ್ಬದ ಮಣ್ಣು ಮುಟ್ಟಿ ನೋಡುತ್ತಿದ್ದೆ.

ದೊಡ್ಡಮನೆಯ ಸೊಸೆಗೆ ದಿನ ತುಂಬಿದ ಮೇಲೆ ಚಿತ್ತಾಪುರದಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಒಳ್ಳೆಯ ತೂಕ, ಇನ್ನೂ ಒಳ್ಳೆಯ ಗಂಟಲು.

ಬಾಣಂತಿ ಮನೆಗೆ ಬರುವ ಮೊದಲೇ ಅಮ್ಮ ಚಾಚಾನನ್ನು ಕರೆಸಿದ್ದರು. ನನ್ನನ್ನೂ ಕರೆದರು, ಜಾಗ ನೋಡಲಿಕ್ಕೆ. ದೇವರ ಜಗಲಿಯಿಂದ ದೂರ, ಅಡುಗೆಮನೆಯಿಂದಲೂ ದೂರ, ಹಿತ್ತಲಿನ ಮೂಲೆಯಲ್ಲಿ ಜಾಗ ಗುರುತಿಸಿದೆವು. ಚಾಚಾ ಈ ಸಲ ಹಾರೆ ಹಾಕುವ ತಂಟೆಗೇ ಹೋಗಲಿಲ್ಲ.

"ಬಾಗಿಲು ಹೊಲದ ಕಡಿ ಇಡ್ತೀನ್ರಿ ಅಮ್ಮಾ, ಯಾರಿಗೂ ಕಾಣಂಗಿಲ್ಲ. ಎತ್ತರಾನೂ ಜಾಸ್ತಿ ಬ್ಯಾಡ, ಇಲ್ಲಿ ನೆಲ ಇಳಿಜಾರದ," ಎಂದರು.

"ಎತ್ತರ ಇರ್ಲಿ."

"ಯಾಕ್ರಿ? ಕೆಲಸ ಇಲ್ಲದ ಎತ್ತರ ಅದು."

"ಸರ್ಕಾರದ್ದಕಿಂತ ದೊಡ್ಡಮನೀದು ತಗ್ಗ ಇರಬೇಕೇನು? ನೀ ಕಟ್ಟು."

ಕಟ್ಟಿದರು. ಶ್ರಾವಣ ಮುಗಿಯುವ ಹೊತ್ತಿಗೆ ಬಾಣಂತಿಯ ತಪಾಸಣೆಗೆಂದು ಹೋದಾಗ ಮನೆಯಲ್ಲಿ ಅಮ್ಮ ಇರಲಿಲ್ಲ. ಎಲ್ಲಿ ಎಂದು ಕೇಳಿದೆ. ಸೊಸೆ ಕೂಸಿಗೆ ಹಾಲೂಡಿಸುತ್ತಾ ನಗು ತಡೆದುಕೊಂಡು ಹಿತ್ತಲಿನ ಕಡೆಗೆ ಕಣ್ಣು ಮಾಡಿದಳು. ಹೋಗಿ ನೋಡಿದರೆ, ಹೊಸ ಪಾವಟಿಗೆಗಳ ತುದಿಯಲ್ಲಿ, ತೆರೆದ ಬಾಗಿಲಿಗೆ ಬೆನ್ನು ಕೊಟ್ಟು, ಅಮ್ಮ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಅಲ್ಲಿಂದ ಅವರ ತೊಗರಿ ಹೊಲ ಪೂರ್ತಿ ಕಾಣುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆ ಹೊಲದ ಬಗ್ಗೆ ಗಂಡಸರ ಬಾಯಲ್ಲಿ ಕೇಳಿದ್ದೇ ಹೆಚ್ಚು. ಮನೆಯಲ್ಲಿ ನಿಂತು ನೋಡಿದ್ದು ಇದೇ ಮೊದಲು ಎಂದು ಆಮೇಲೆ ನನಗೆ ಹೇಳಿದರು.

"ಏ, ಆ ಕಡಿ ಸಾಲ್ ಬಿಟ್ಟಿರಲ್ಲ!" ಎಂದು ಕಸ ತೆಗೆಯುತ್ತಿದ್ದ ಆಳುಗಳಿಗೆ ಕೂಗಿದರು. "ನಂಗ ಇಲ್ಲಿಂದ ಎಲ್ಲಾ ಕಾಣ್ತದ!"

ಹೊಲದಲ್ಲಿ ಬಗ್ಗಿದ್ದ ಬೆನ್ನುಗಳೆಲ್ಲ ಒಮ್ಮೆಲೇ ಎದ್ದು, ದನಿ ಎಲ್ಲಿಂದ ಬರುತ್ತಿದೆ ಎಂದು ಆಕಾಶ ನೋಡಿದವು.